ಹಗಲಿನವರಿಗಷ್ಟೇ ತೆರೆದ ಚಿತ್ರಶಾಲೆ

ಮಾನ್ಯ ಪ್ರಾಂಶುಪಾಲರೇ,

ನನಗೆ ಹೊಟ್ಟೆಕಿಚ್ಚು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ತಾವೇ ಕಂಡುಹಿಡಿದಂತೆ ಬೀಗುವುದು ಬೇಡ. ತಮ್ಮ ಚಿತ್ರಕಲಾ ಕಾಲೇಜಿನ ಹಗಲು ತರಗತಿಯವರನ್ನು ಹಳೆಯ ಅರಮನೆಗೂ ಕಲಾ ಸಂಗ್ರಹಾಲಯಗಳಿಗೂ ಬಸ್ಸಿನಲ್ಲಿ ಕರೆದೊಯ್ದಿರಿ. ಸಂಜೆ ತರಗತಿಯ ನಮ್ಮನ್ನು ಬಿಟ್ಟಿರಿ. ಪಠ್ಯ ಒಂದೇ, ಪರೀಕ್ಷೆಯೂ ಒಂದೇ. ಸಂಜೆ ಓದುವವರ ಕಣ್ಣು ಕತ್ತಲಾದ ಮೇಲಷ್ಟೇ ತೆರೆಯುತ್ತದೆಂದು ತಮಗೆ ಯಾರು ಹೇಳಿದರು?

ನಾನು ಹಗಲು ಹೊತ್ತು ಅಂಗಡಿಯೊಂದರಲ್ಲಿ ಕಿಟಕಿ ಪರದೆ ಹೊಲಿಯುತ್ತೇನೆ. ನನ್ನ ತಂಗಿ ತಮ್ಮ ಹಗಲು ವಿದ್ಯಾರ್ಥಿನಿ. ಹೊರಡುವ ಮುನ್ನಾ ದಿನ ನನ್ನದೇ ಹೊಸ ಚಪ್ಪಲಿ ಮೆಟ್ಟಿ ಕನ್ನಡಿ ಮುಂದೆ ನಿಂತು, "ಅಲ್ಲಿರೋದೆಲ್ಲ ಹಳೇ ಕುರ್ಚಿಗಳಂತೆ ಕಣೇ, ಬೋರು" ಎಂದಳು. ನನ್ನ ಮೈಯೆಲ್ಲ ಉರಿಯಿತು. ಬೇಡವೆಂದವರಿಗೇ ಒತ್ತಾಯಿಸಿ ಬಡಿಸುವ ತಮ್ಮ ಔದಾರ್ಯಕ್ಕೆ ಏನೆನ್ನಲಿ?

ಮರುದಿನ ಅಂಗಡಿಗೆ ರಜೆ ಹಾಕಿ ನಾನೂ ಅರಮನೆಗೆ ಹೋದೆ. ಕೆಳಗಿನ ಕೋಣೆಗಳು ಎಲ್ಲರಿಗೂ ತೆರೆದಿದ್ದವು. ಮಹಡಿಯ ಚಿತ್ರಶಾಲೆ ಮಾತ್ರ ಗುಂಪಾಗಿ ಬಂದವರಿಗಂತೆ. ಬಟ್ಟೆ ಮಡಚುವ ಹೆಂಗಸಿನ ಆ ಚಿತ್ರ ಇರುವುದು ಅಲ್ಲೇ. ನಮ್ಮ ಪಠ್ಯಪುಸ್ತಕದಲ್ಲಿರುವ ಅದರ ಮಾಸಲು ಮುದ್ರಣ ನೋಡಿಕೊಂಡು ಅವಳ ಮೊಣಕೈಯನ್ನು ನಾನು ಎಷ್ಟು ಸಲ ಬರೆದು ಅಳಿಸಿದ್ದೇನೋ! ತಮ್ಮ ಗುಂಪು ಮೆಟ್ಟಿಲೇರುವಾಗ ಮೆಲ್ಲಗೆ ಸೇರಿಕೊಂಡೆ. ಬಾಗಿಲಲ್ಲಿ ತಾವೇ ತಲೆ ಎಣಿಸಿದಿರಿ.

"ಒಬ್ರು ಜಾಸ್ತಿ ಆಗ್ತಿದ್ದಾರಲ್ಲ. ಯಾರಮ್ಮ ನೀನು?"

"ಸಂಜೆ ಕ್ಲಾಸು ಸಾರ್. ನಿಮ್ಮ ಕಾಲೇಜೇ."

"ಇವತ್ತು ಹಗಲಿನವ್ರದ್ದು. ಇವಳು ಯಾರಿಗಾದ್ರೂ ಗೊತ್ತಾ?"

ನನ್ನ ತಂಗಿ ಛಾವಣಿಯ ಚಿತ್ತಾರ ನೋಡತೊಡಗಿದಳು. ಅವಳಿಗೆ ಕಲೆಯಲ್ಲಿ ಅಷ್ಟೊಂದು ಆಸಕ್ತಿ ಹುಟ್ಟಿದ್ದು ಅದೇ ಮೊದಲು. ಕಾವಲುಗಾರ ನನ್ನನ್ನು ಕೆಳಗಿಳಿಸಿದ.

ಅವಳು ಮನೆಗೆ ಬಂದ ಕೂಡಲೇ, ಮಾತಾಡಬಾರದೆಂದುಕೊಂಡಿದ್ದರೂ ತಡೆಯಲಾಗದೆ, "ಆ ಚಿತ್ರ ಹೇಗಿತ್ತೇ?" ಎಂದೆ.

"ನೋಡ್ಲಿಲ್ಲ ಕಣೇ. ನಿನ್ನ ಇಳಿಸಿದ್ಮೇಲೆ ನಂಗೆ ತಲೆ ಎತ್ತೋಕೇ ಆಗ್ಲಿಲ್ಲ" ಎಂದು ಅತ್ತುಬಿಟ್ಟಳು.

ಸಿಟ್ಟು ಅಲ್ಲಿಗೆ ಇಳಿಯಿತು, ಮಾನ್ಯರೇ. ಹೊಟ್ಟೆಕಿಚ್ಚು ಇಳಿಯಲಿಲ್ಲ. ತಲೆ ತಗ್ಗಿಸಿ ನಿಂತದ್ದಾದರೂ ಅವಳು ಆ ಚಿತ್ರದ ಎದುರಿಗಲ್ಲವೇ?

ಸಂಜೆ ತರಗತಿಯನ್ನೂ ಅದೇ ಚಿತ್ರಶಾಲೆಗೆ, ಕಿಟಕಿಯಿಂದ ಬಿಸಿಲು ಬೀಳುವ ಹೊತ್ತಿನಲ್ಲೇ, ಈ ವರ್ಷವೇ ಕರೆದೊಯ್ಯಬೇಕೆಂದು ಆಗ್ರಹಿಸುತ್ತೇನೆ. ವಿನಂತಿಯಲ್ಲ, ಆಗ್ರಹ. ತಂಗಿಯೂ ಬರುತ್ತಾಳಂತೆ. ಬರಲಿ. ಆದರೆ ಆ ಹೆಂಗಸಿನ ಮುಂದೆ ಮೊದಲು ನಿಲ್ಲುವವಳು ನಾನು.

ಇಂತಿ, ಇನ್ನೂ ಉರಿಯುತ್ತಲೇ ಇರುವ
ತಮ್ಮದೇ ಕಾಲೇಜಿನ ವಿದ್ಯಾರ್ಥಿನಿ
(ಸಂಜೆಯವಳು)