ಬಸ್ಸಿಗೆ ಅಡ್ಡವಾದ ಕಲ್ಲು

ಅಣ್ಣ ಕೋದಂಡರಾಮಪ್ಪನವರಿಗೆ ಪಿಳ್ಳಪ್ಪನ ನಮಸ್ಕಾರ.

ನಾವು ಕ್ಷೇಮವಾಗಿರುವುದು ನಿಮಗೆ ದಿನವೂ ಕಾಣುವುದರಿಂದ ಅದನ್ನು ಬರೆಯುವುದಿಲ್ಲ. ವಿಷಯ ಬಸ್ಸಿನದು.

ಅರಳಿಕಟ್ಟೆಯ ಮುಂದೆ ಚರಂಡಿ ಅಗೆದ ಮೇಲೆ ಶಾಲೆಯ ಬಸ್ಸಿಗೂ ಮಾಲೂರಿನ ಸರ್ಕಾರಿ ಬಸ್ಸಿಗೂ ರಾತ್ರಿ ನಿಲ್ಲಲು ಜಾಗವಿಲ್ಲ. ಡಿಪೋದವರು ಬಂದು ಕೇಳಿದಾಗ ನಾನೇ, "ನಮ್ಮ ರಾಗಿ ಕಣ ಐತಲ್ಲ ಸಾರ್, ಎರಡೂ ಹಿಡಿಸ್ತವೆ" ಎಂದುಬಿಟ್ಟೆ. ಕಣ ನಮ್ಮಿಬ್ಬರಿಗೆ ಭಾಗವಾಗಿರುವುದು ನೆನಪಿಗೇ ಬರಲಿಲ್ಲ. ಇಡೀ ಕಣಕ್ಕೆ ಕೈ ತೋರಿಸಿದ್ದೆ.

ನಿನ್ನೆ ಡ್ರೈವರ್ ಬಂದು ನೋಡಿ, "ಮಧ್ಯ ಕಲ್ಲು ನೆಟ್ಟಿದೀರಲ್ಲಪ್ಪ, ಬಸ್ ಹೆಂಗೆ ತಿರುಗಿಸೋದು?" ಎಂದ. ಜಾಗ ಸಿಗದಿದ್ದರೆ ಎರಡನ್ನೂ ಮಾಸ್ತಿಯಲ್ಲೇ ನಿಲ್ಲಿಸುತ್ತಾರಂತೆ. ಆಗ ಊರಿನ ಮಕ್ಕಳೆಲ್ಲ ಬೆಳಿಗ್ಗೆ ಅಲ್ಲಿಯವರೆಗೆ ನಡೆಯಬೇಕು. ನಿಮ್ಮ ಮೊಮ್ಮಗಳು ಅನಿತಳೂ ನಡೆಯಬೇಕು.

ಆದ್ದರಿಂದ ಕಲ್ಲು ಕೀಳಲು ನಿಮ್ಮ ಒಪ್ಪಿಗೆ ಬೇಕು. ಬೇಕಾದರೆ ಸುಗ್ಗಿಗೆ ಮತ್ತೆ ನೆಡೋಣ. ನನ್ನ ಜೊತೆ ಮಾತಾಡಲೇಬೇಕೆಂದಿಲ್ಲ. ನಿಮ್ಮ ಹಾರೆಯನ್ನು ಆ ಕಲ್ಲಿಗೆ ಒರಗಿಸಿಡಿ, ಒಪ್ಪಿದ್ದೀರಿ ಎಂದು ತಿಳಿಯುತ್ತೇನೆ.

ಆದರೆ ಕೀಳುವಾಗ ನೀವೂ ಬರಬೇಕಾಗುತ್ತದೆ. ಅದು ಒಬ್ಬನಿಂದ ಏಳುವ ಕಲ್ಲಲ್ಲ. ನೆಡುವಾಗಲೂ ಇಬ್ಬರೂ ಹಿಡಿದಿದ್ದೆವು.

ಪಕ್ಕದ ಮನೆಯಿಂದ,
ನಿಮ್ಮ ತಮ್ಮ
ಪಿಳ್ಳಪ್ಪ