ಹಾಯಿ ಹೊಲಿದವಳು ಕೊಚ್ಚಿ ಕಂಡಿದ್ದು

ಫೋರ್ಟ್ ಕೊಚ್ಚಿ
18 ಜನವರಿ 2024

ಪ್ರೀತಿಯ ಹೇಮಶ್ರೀಗೆ ನಿನ್ನ ಸೂಫಿಯಾಳ ಸಲಾಂ.

ಅಜ್ಜಂಪುರದಲ್ಲಿ ನೀನೂ ಅಮ್ಮನೂ ಆರಾಮವೆಂದುಕೊಂಡಿದ್ದೇನೆ. ಹೇಳದೆ ಹೊರಟುಬಂದೆ, ಹತ್ತು ದಿನದಿಂದ ನಿನ್ನ ಫೋನೂ ಎತ್ತಲಿಲ್ಲ. ತಪ್ಪಾಯಿತು. ಪೂರ್ತಿ ಓದಿ ಆಮೇಲೆ ಬೈದುಕೋ.

ನಾನು ಕೊಚ್ಚಿಯಲ್ಲಿದ್ದೇನೆ ಕಣೇ. ಹಾಯಿದೋಣಿಯಲ್ಲಿ ಬಂದೆ.

ಎಂಟನೇ ಕ್ಲಾಸಿನಲ್ಲಿ ಅಬ್ಬನ ಅಂಗಡಿಯ ಕ್ಯಾಲೆಂಡರಿನಲ್ಲಿ ಈ ಬಂದರು ನೋಡಿ, ಹೋದರೆ ಹಾಯಿದೋಣಿಯಲ್ಲೇ ಹೋಗಬೇಕೆಂದು ಇಬ್ಬರೂ ಹಟ ಹಿಡಿದಿದ್ದೆವಲ್ಲ. ಆಮೇಲೆ ನೀನು ಟೀಚರ್ ಆದೆ. ನಾನು ತರೀಕೆರೆಯಲ್ಲಿ ಲಾರಿಗಳಿಗೆ ಟಾರ್ಪಾಲ್ ಹೊಲಿಯುತ್ತಾ ಐವತ್ತು ದಾಟಿದೆ.

ದೀಪಾವಳಿ ಹೊತ್ತಿಗೆ ಕಡೂರಿನ ರುದ್ರಮೂರ್ತಿ ಎಂಬವರು ಹರಿದ ಹಾಯಿಯೊಂದನ್ನು ಕಾರಿನ ಮೇಲೆ ಕಟ್ಟಿಕೊಂಡು ಅಂಗಡಿಗೆ ಬಂದರು. ಹಡಗಿನ ಎಂಜಿನಿಯರ್ ಆಗಿದ್ದು ನಿವೃತ್ತರಾದವರು, ಮಂಗಳೂರಿನಲ್ಲಿ ಸ್ವಂತ ದೋಣಿ ಇಟ್ಟಿದ್ದಾರೆ. ಹಾಯಿ ಬಿಚ್ಚಿದರೆ ಅಂಗಡಿ ತುಂಬಿ ರಸ್ತೆಗೂ ಹರಡಿತು. ನಾಲ್ಕು ದಿನ ಹೊಲಿದೆ. ಒಯ್ಯಲು ಬಂದಾಗ, ಇದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಕೊಚ್ಚಿಗೆ ಎಂದರು.

"ನಾನೂ ಬತ್ತೀನಿ ಸಾರ್" ಅಂದೆ.

ಜೊತೆಗಿದ್ದ ಅವರ ಹೆಂಡತಿ ಶಂಕರಮ್ಮ ನಕ್ಕು, "ಬನ್ನಿ ಮತ್ತೆ" ಎಂದರು.

ಈ ತಿಂಗಳು ಮೂವರೂ ಮಂಗಳೂರಿನಿಂದ ಹೊರಟೆವು. ಮೊದಲ ದಿನವೆಲ್ಲಾ ವಾಂತಿ. ಎರಡನೇ ಮಧ್ಯಾಹ್ನ, ಕಣ್ಣೂರಿನ ನೇರಕ್ಕೆ ಬಂದಾಗ, ಹಾಯಿ ಹರಿದು ಬಿಟ್ಟುಕೊಂಡಿತು. ಬೇರೆಲ್ಲೂ ಅಲ್ಲ, ನಾನು ಹಾಕಿದ ಹೊಲಿಗೆಯಲ್ಲೇ. ನಾಚಿಕೆಯಿಂದ ಸಮುದ್ರಕ್ಕೆ ಹಾರಿಬಿಡೋಣ ಅನಿಸಿತು. ರುದ್ರಮೂರ್ತಿಯವರು ಎಂಜಿನ್ ಹಾಕಿ ಹತ್ತಿರದ ದಡಕ್ಕೆ ಹೋಗೋಣ, ಪ್ರಯಾಣ ಅಲ್ಲಿಗೇ ನಿಲ್ಲಲಿ ಎಂದರು. ನಾನು ಎರಡು ಗಂಟೆ ಕೊಡಿ ಎಂದು ಬೇಡಿಕೊಂಡೆ. ದೋಣಿ ಹೊಯ್ದಾಡುತ್ತಿತ್ತು. ಶಂಕರಮ್ಮ ಹಿಂದಿನಿಂದ ನನ್ನ ಸೊಂಟ ಹಿಡಿದು ಕೂತರು, ನಾನು ಕೈಯಲ್ಲೇ ಹೊಲಿದೆ. ಬೆರಳೆಲ್ಲಾ ಸೂಜಿ ಚುಚ್ಚಿ ಉಪ್ಪುನೀರಿಗೆ ಉರಿಯುತ್ತಿದ್ದವು. ಮತ್ತೆ ಹಾಯಿ ಏರಿ ಗಾಳಿ ತುಂಬಿಕೊಂಡಾಗ, ಹೊತ್ತು ಮುಳುಗುವವರೆಗೂ ನಾನು ಸಮುದ್ರ ನೋಡಲಿಲ್ಲ, ಹೊಲಿಗೆಯನ್ನೇ ನೋಡಿದೆ. ಅದು ತಡೆದುಕೊಂಡಿತು.

ನಿನ್ನೆ ಬೆಳಿಗ್ಗೆ ಬಂದರು ಕಂಡಿತು. ಒಳಗೆ ದೊಡ್ಡ ಹಡಗುಗಳ ದಾರಿ, ಎಂಜಿನ್ ಹಾಕಲೇಬೇಕಂತೆ. ಆದರೂ ಬಂದರಿನ ಬಾಯಿಯವರೆಗೆ ಹಾಯಿಯಲ್ಲೇ ಹೋಗೋಣವೆಂದು ರುದ್ರಮೂರ್ತಿಯವರು ಚುಕ್ಕಾಣಿಯನ್ನು ನನ್ನ ಕೈಗೆ ಕೊಟ್ಟರು. ಕ್ಯಾಲೆಂಡರಿನ ನೀಲಿ ಎಲ್ಲೂ ಇಲ್ಲ ಕಣೇ. ಅಂತರಗಂಗೆ ಗಿಡ ತೇಲುವ ಕಂದು ನೀರು, ಮೀನು ಮತ್ತು ಡೀಸೆಲ್ ವಾಸನೆ, ದಡದಲ್ಲಿ ಬಗ್ಗಿ ಏಳುವ ಚೀನಾ ಬಲೆಗಳು. ಚಿತ್ರಕ್ಕಿಂತ ಇದೇ ನನಗೆ ಹಿಡಿಸಿತು. ದಡದ ಕಾವಲುಗಾರ ಯಾವೂರು ಎಂದು ಹಿಂದಿಯಲ್ಲಿ ಕೇಳಿದ. ತರೀಕೆರೆ ಎಂದೆ. ಅಲ್ಲಿ ಸಮುದ್ರ ಇದೆಯಾ ಎಂದ. ಕೆರೆ ಇದೆ ಎಂದೆ.

ಈಗ ಹೊಟ್ಟೆ ತುಂಬಾ ಮೀನು ಊಟ ಮಾಡಿ, ಬಲೆಗಳ ಎದುರು ಕೂತು ಬರೆಯುತ್ತಿದ್ದೇನೆ. ಎದ್ದರೆ ನೆಲವಿನ್ನೂ ತೂಗುತ್ತದೆ. ಅಮ್ಮನಿಗೆ ನನ್ನ ನಮಸ್ಕಾರ ಹೇಳು. ಅಲ್ಲಾಹ್ ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ.

ನಿನ್ನ,
ಸೂಫಿಯಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ದೋಣಿಯಲ್ಲಿ ನಾಲ್ವರಿಗೆ ಜಾಗವಿತ್ತು. ಗೆಳತಿ ಯಾರಾದರೂ ಇದ್ದರೆ ಕರೆತನ್ನಿ ಎಂದು ಶಂಕರಮ್ಮನೇ ಹೇಳಿದ್ದರು. ಒಬ್ಬಳಿದ್ದಾಳೆ, ಆದರೆ ಅವಳಿಗೆ ಸ್ಕೂಲಿನಲ್ಲಿ ರಜೆ ಸಿಗುವುದಿಲ್ಲ ಎಂದುಬಿಟ್ಟೆ. ನಿನ್ನನ್ನು ಕೇಳಲೇ ಇಲ್ಲ. ಎಲ್ಲಿ ಹೋದರೂ ಜನ ಮೊದಲು ನಿನ್ನನ್ನು ಮಾತಾಡಿಸುತ್ತಾರೆ, ನಾನು ಪಕ್ಕದಲ್ಲಿ ನಿಂತಿರುತ್ತೇನೆ. ಇದೊಂದಾದರೂ ನನ್ನದೇ ಆಗಿರಲಿ ಅನಿಸಿತು. ಬಂದರು ಕಣ್ಣಿಗೆ ಬಿದ್ದ ಕೂಡಲೇ "ಹೇಮಾ, ನೋಡೇ" ಎನ್ನುತ್ತಾ ಪಕ್ಕಕ್ಕೆ ತಿರುಗಿದೆ. ಶಂಕರಮ್ಮ "ಏನ್ರೀ?" ಎಂದರು. ಏನಿಲ್ಲ ಎಂದೆ.