ಅಕ್ಕ ನಾಯಿಯನ್ನೇ ಆರಿಸಿದಳು

ಗದಗ, ಫೆಬ್ರವರಿ 30, 2309

ಮುಪ್ಪಿನ ಗುಟ್ಟು ಹುಡುಕುತ್ತಿರುವ ಹಿಂದಿನ ಕಾಲದ ಹಿರಿಯರಿಗೆ ಇಂದುಧರ ಹೊಸಮನಿಯ ನಮಸ್ಕಾರ. ತಾರೀಖು ನೋಡಿ ನಗಬೇಡಿ, ಪಾಪದ ಫೆಬ್ರವರಿಗೆ ನಾವು ಎರಡು ದಿನ ಸೇರಿಸಿದ್ದೇವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಿ.

ನಮ್ಮಲ್ಲಿ ‘ಸಹಮುಪ್ಪು’ ಎಂಬ ಪದ್ಧತಿಯಿದೆ. ಮುಪ್ಪಿನ ಸಂಶೋಧನೆಗೆ ಆಯ್ಕೆಯಾದ ನಾಯಿ ಪಂಜರದಲ್ಲಿರುವುದಿಲ್ಲ. ಯಾರದೋ ಮನೆಯಲ್ಲಿ ರೊಟ್ಟಿ ತಿಂದು, ಕಟ್ಟೆಯ ಮೇಲೆ ಬಿಸಿಲು ಕಾಯಿಸಿಕೊಂಡು, ಮನೆಯವರ ಜೊತೆಗೇ ಮುದಿಯಾಗುತ್ತದೆ. ತಿಂಗಳಿಗೊಮ್ಮೆ ವೈದ್ಯರು ಬಂದು ಒಂದು ಹನಿ ರಕ್ತ ತೆಗೆದು, ಅದರ ನೆನಪು ಪರೀಕ್ಷಿಸಿ, ಚಹಾ ಕುಡಿದು ಹೋಗುತ್ತಾರೆ. ಅವರ ದನಿ ಕೇಳಿದೊಡನೆ ಮಂಚದ ಕೆಳಗೆ ನುಸುಳುವ ನಾಯಿಗಳೂ ಇವೆ.

ಮರೆವಿನ ಹೊಸ ಮದ್ದನ್ನು ಯಾವ ಪ್ರಾಣಿಯ ಮೇಲೆ ಪರೀಕ್ಷಿಸಬೇಕೆಂದು ತೀರ್ಮಾನಿಸಲು ಹೋದ ವಾರ ಸಭೆಯಿತ್ತು. ನಾನೂ ಅದರ ಸದಸ್ಯ. ಇಲಿಯಾದರೆ ಮೂರು ವರ್ಷದಲ್ಲಿ ಫಲಿತಾಂಶ, ನಾಯಿಯಾದರೆ ಹನ್ನೆರಡು. ಆದರೆ ಇಲಿಗೆ ನಮ್ಮಂಥ ಮರೆವು ತಾನಾಗಿ ಬರುವುದಿಲ್ಲ, ರೋಗವನ್ನು ಅದರೊಳಗೆ ತುರುಕಬೇಕು. ಮುದಿ ನಾಯಿಗೆ ತಾನಾಗಿಯೇ ಬರುತ್ತದೆ. ಪಾಪ, ಬಾಗಿಲ ಸಂದಿಗೆ ಹೋಗಿ, ಹೊರಬರುವ ದಾರಿ ತಿಳಿಯದೆ ನಿಂತುಬಿಡುತ್ತದೆ. ಇಷ್ಟು ಗೊತ್ತಿದ್ದೂ ನಾನು ಇಲಿಗೇ ಪಟ್ಟು ಹಿಡಿಯಬೇಕೆಂದಿದ್ದೆ. ನನ್ನನ್ನು ಸಾಕಿ ಬೆಳೆಸಿದ ನೀಲಾಂಬಿಕಾ ಅಕ್ಕನಿಗೆ ಅದೇ ಮರೆವು. ಹನ್ನೆರಡು ವರ್ಷ ಕಾಯುವಷ್ಟು ಆಯುಷ್ಯ ಅವಳಿಗಿಲ್ಲ.

ಸಭೆಯ ದಿನ ಬೆಳಿಗ್ಗೆ ಅಕ್ಕನ ತಲೆ ತಿಳಿಯಾಗಿತ್ತು. ವಿಷಯ ಹೇಳಿದೆ. ಅವಳು ನಕ್ಕಳು.

“ಇಲಿಗಿ ಈ ಮರವು ಬರೂದಿಲ್ಲಂತ ನೀನ ಹೇಳ್ತಿ. ಇಲ್ಲದ ಬ್ಯಾನಿ ಅದಕ್ಕ ಹಚ್ಚಿ, ಅದನ್ನ ನೀವ ವಾಸಿ ಮಾಡಿದ್ರ ನನಗೇನ ಬಂತು? ನಾಯೀನ ಆರಸೋ ತಮ್ಮಾ. ನನಗ ಸಿಗದಿದ್ರ ಮುಂದ ಯಾರದರ ಅಕ್ಕಗ ಮದ್ದ ಸಿಗತೈತಿ.”

ನಾಯಿಯ ಪರ ಕೈಯೆತ್ತಿ ಬಂದೆ. ಸಂಜೆ ಮನೆಗೆ ಬಂದಾಗ ಅಕ್ಕ ಬಾಗಿಲಲ್ಲಿ ನಿಂತು, ನಾನು ಯಾರೆಂದು ಬಹಳ ಮರ್ಯಾದೆಯಿಂದ ಕೇಳಿದಳು.

ನಿಮ್ಮನ್ನು ದೂರುವುದಿಲ್ಲ. ಮೂರು ವರ್ಷಕ್ಕೆ ಅನುದಾನ ಮುಗಿಯುವವರು ಮೂರು ವರ್ಷ ಬದುಕುವ ಪ್ರಾಣಿಯನ್ನು ಆರಿಸಿದ್ದು ನಮಗೆ ಅರ್ಥವಾಗುತ್ತದೆ. ಆದರೂ ಒಂದು ಬೇಡಿಕೆ. ನಿಮ್ಮ ಓಣಿಯ ನಾಯಿಯೊಂದನ್ನು ಈಗಲೇ ಮನೆಗೆ ಕರೆತನ್ನಿ. ಅದು ತನ್ನ ಪಾಡಿಗೆ ಮುದಿಯಾಗಲಿ. ನೀವು ಅವಸರ ಮಾಡದೆ ನೋಡುತ್ತಿರಿ. ನೀವು ಇಂದು ಶುರು ಮಾಡಿದರೆ, ಮದ್ದು ನನ್ನ ಕಾಲಕ್ಕೆ ಮೊದಲೇ ಸಿಕ್ಕಿ, ಆ ಸಂಜೆ ನಾನು ಸಭೆಯಿಂದ ಬರುವ ಹೊತ್ತಿಗೆ ಅಕ್ಕ ನನ್ನ ಹೆಸರು ಹಿಡಿದು ಕರೆದಾಳು.